ಒಂದೇ ಫೋನ್ ತಂತಿ, ಎಷ್ಟು ಬಾಗಿಲು?

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಕೀಲ್ಪಾಕಿನ ನಮ್ಮ ಮನೆಗೆ ಬರುತ್ತಿದ್ದುದು ಒಂದೇ ಒಂದು ಫೋನ್ ತಂತಿ. ಆದರೆ ಅದರಲ್ಲಿ ಮೂರು ಕಂಪನಿಗಳ ಇಂಟರ್‌ನೆಟ್ ಬರುತ್ತಿತ್ತು! ಒಟ್ಟಿಗೆ ಅಲ್ಲ, ಒಂದಾದ ಮೇಲೆ ಒಂದು. ಕಂಪ್ಯೂಟರಿನ ಪರದೆ ಮೇಲೆ ಮೂರು ಪುಟ್ಟ ಚಿತ್ರಗಳು: ವಿಎಸ್‌ಎನ್‌ಎಲ್, ಸತ್ಯಂ ಆನ್‌ಲೈನ್, ಸಂಚಾರ್‌ನೆಟ್. ಒಂದು ಎಂಗೇಜ್ ಇದ್ದರೆ ಇನ್ನೊಂದನ್ನು ಒತ್ತುವುದು. ಐದು ವರ್ಷ ಕಳೆಯಿತು, ಬ್ರಾಡ್‌ಬ್ಯಾಂಡ್ ಬಂತು, ವೇಗ ಹೆಚ್ಚಿತು. ಆಯ್ಕೆ ಮಾತ್ರ ಮೂರರಿಂದ ಒಂದಕ್ಕೆ ಇಳಿಯಿತು. ಇದು ಹೇಗಾಯಿತು ಅನ್ನೋದೇ ಇವತ್ತಿನ ಕತೆ.

ಮೊದಲು ಆ ತಂತಿಯ ಬಗ್ಗೆ ಒಂದು ಮಾತು. ಎಂಬತ್ತರ ದಶಕದಲ್ಲಿ ಹಾಸನದ ಕಡೆಯಿಂದ ಇಲ್ಲಿಗೆ ಬಂದವನು ನಾನು. ಆಗ ಮನೆಗೆ ಫೋನ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರಿಗೆ 'ಓವೈಟಿ' ಅಂತ ಒಂದು ಯೋಜನೆ, ಸಾವಿರಗಟ್ಟಲೆ ರೂಪಾಯಿ ಠೇವಣಿ ಇಟ್ಟರೆ ಸರದಿಯಲ್ಲಿ ಸ್ವಲ್ಪ ಮುಂದೆ. ದಿಲ್ಲಿ, ಮುಂಬೈಗಳಿಗೆ 1986ರಲ್ಲೇ ಎಂಟಿಎನ್‌ಎಲ್ ಬಂತು. ಮದರಾಸು ಮಾತ್ರ ಮಹಾನಗರವಾಗಿದ್ದರೂ ದೂರಸಂಪರ್ಕ ಇಲಾಖೆಯ ಕೈಯಲ್ಲೇ ಉಳಿದು, 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿದಾಗ ಅದಕ್ಕೆ ಸೇರಿತು. ಅಂದರೆ ನಮ್ಮ ಬೀದಿಯ ಕೆಳಗೆ ಮಲಗಿದ್ದ ತಾಮ್ರ ಸರ್ಕಾರದ್ದು, ಅದಕ್ಕೆ ಬಿದ್ದ ದುಡ್ಡಿನಲ್ಲಿ ನಮ್ಮಂಥವರ ಠೇವಣಿಯೂ ಒಂದಿಷ್ಟು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಶುರು ಮಾಡಿತು. ಮೊದಲ ಪಟ್ಟಿಯಲ್ಲೇ ಮದರಾಸೂ ಇತ್ತು. ಮೂರು ವರ್ಷ ಅದೊಂದೇ ಅಂಗಡಿ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು, ಪರವಾನಗಿ ಶುಲ್ಕ ಮೊದಲ ಐದು ವರ್ಷ ಮನ್ನಾ. ಅದೇ ತಿಂಗಳು ಚೆನ್ನೈನಲ್ಲೇ ನೆಲೆಯಿದ್ದ ಸತ್ಯಂ ಇನ್ಫೋವೇ ತನ್ನ 'ಸತ್ಯಂ ಆನ್‌ಲೈನ್' ತಂದಿತು. (ಮುಂದೆ ಸಿಫಿ ಅಂತ ಹೆಸರು ಬದಲಾಯಿಸಿಕೊಂಡದ್ದು ಇದೇ. 1999ರ ಅಕ್ಟೋಬರಿನಲ್ಲಿ ಅಮೆರಿಕದ ನಾಸ್ಡಾಕ್‌ನಲ್ಲಿ ಷೇರು ಬಿಟ್ಟಾಗ ಇಲ್ಲಿನ ಪೇಪರುಗಳಲ್ಲಿ ಅದೇ ಸುದ್ದಿ!) ಆಮೇಲೆ ಡಿಶ್‌ನೆಟ್, ಸಂಚಾರ್‌ನೆಟ್, ಹೀಗೆ ಸಾಲು ಸಾಲು.

ಇಷ್ಟೆಲ್ಲ ಒಂದೇ ತಂತಿಯಲ್ಲಿ ಹೇಗೆ? ಏಕೆಂದರೆ ಡಯಲಪ್ ಅಂದರೆ ಬರಿಯ ಒಂದು ಫೋನ್ ಕರೆ. ಮೋಡೆಮ್ 172ರಿಂದ ಶುರುವಾಗುವ ನಂಬರಿಗೆ ಕರೆ ಮಾಡುತ್ತದೆ, ಆ ಕಡೆ ಕಂಪನಿಯ ಮೋಡೆಮ್ ಎತ್ತಿಕೊಳ್ಳುತ್ತದೆ, ಎರಡೂ ಕಿರ್ರೋ ಅಂತ ಕಿರುಚಿ ಪರಿಚಯ ಮಾಡಿಕೊಳ್ಳುತ್ತವೆ. ಎಕ್ಸ್‌ಚೇಂಜಿಗೆ ಅದು ಮಾತೋ ಇಂಟರ್‌ನೆಟ್ಟೋ ಎಂಬ ಭೇದವಿಲ್ಲ. ಫೋನ್ ಇಲಾಖೆ ರಸ್ತೆ ಇದ್ದ ಹಾಗೆ, ಯಾರ ಮನೆಗೆ ಹೋಗಬೇಕು ಅನ್ನೋದು ನಮ್ಮಿಷ್ಟ. ಮೀಟರ್ ಓಡುತ್ತಿತ್ತು, ಮನೆಯವಳು ತವರಿಗೆ ಫೋನ್ ಮಾಡಬೇಕೆಂದರೆ ನಾನು ಕಡಿದು ಎದ್ದೇಳಬೇಕಿತ್ತು, ಅದೆಲ್ಲ ನಿಜ. ಆದರೂ ಊರು ಬಿಟ್ಟವನಿಗೆ ಬೆಳಿಗ್ಗೆ ಕನ್ನಡದ ನಾಲ್ಕು ಸಾಲು ಪರದೆ ಮೇಲೆ ಮೂಡುವ ಸುಖ ಏನೆಂದು ಅನುಭವಿಸಿದವರಿಗೇ ಗೊತ್ತು. ಫಾಂಟ್ ಇಳಿಸಿಕೊಳ್ಳದಿದ್ದರೆ ಬರೀ ಚೌಕ ಚೌಕ ಕಾಣುತ್ತಿದ್ದ ಕಾಲ ಅದು.

ಇನ್ನು ಡಿಎಸ್‌ಎಲ್. ನಮ್ಮ ಮಾತಿಗೆ ತಂತಿಯಲ್ಲಿ ಬೇಕಾಗುವುದು ಸುಮಾರು 4 ಕಿಲೋಹರ್ಟ್ಜ್‌ವರೆಗಿನ ಜಾಗ ಮಾತ್ರ. ಅದೇ ತಾಮ್ರದ ಜೋಡಿಯಲ್ಲಿ 1.1 ಮೆಗಾಹರ್ಟ್ಜ್‌ವರೆಗೆ ಎಡಿಎಸ್‌ಎಲ್ ಓಡುತ್ತದೆ. ಮನೆಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಮಾತನ್ನೂ ಡೇಟಾವನ್ನೂ ಬೇರೆ ಮಾಡುತ್ತದೆ. ಎಕ್ಸ್‌ಚೇಂಜಿನಲ್ಲಿ ತಂತಿ ಮುಗಿಯುವಲ್ಲಿ ಡಿಸ್‌ಲ್ಯಾಮ್ ಎಂಬ ಯಂತ್ರ ಕೂತಿರಬೇಕು. ಕುತ್ತು ಬಂದದ್ದು ಇಲ್ಲಿ. ಡಯಲಪ್ಪಿನಲ್ಲಿ ಕಂಪನಿಯ ಯಂತ್ರ ಊರಿನ ಯಾವ ಮೂಲೆಯಲ್ಲಿದ್ದರೂ ನಡೆಯುತ್ತಿತ್ತು. ಡಿಎಸ್‌ಎಲ್‌ನಲ್ಲಿ ಎಕ್ಸ್‌ಚೇಂಜಿನ ಒಳಗೇ ಬರಬೇಕು. ಬೀಗದ ಕೈ ಯಾರದೋ, ಗಿರಾಕಿಯೂ ಅವರದೇ!

ಹಾಗಾದರೆ ಒಂದೇ ತಂತಿಯಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿ ಸಾಧ್ಯವೇ ಇರಲಿಲ್ಲವೇ? ಇತ್ತು ಸ್ವಾಮಿ. 2004ರ ಏಪ್ರಿಲ್ ಕೊನೆಯಲ್ಲಿ, ಪ್ರದೀಪ್ ಬೈಜಲ್ ಅಧ್ಯಕ್ಷರಾಗಿದ್ದ ಟ್ರಾಯ್ ಸರ್ಕಾರಕ್ಕೆ ಶಿಫಾರಸು ಕೊಟ್ಟಿತು: ತಾಮ್ರದ ತಂತಿಯನ್ನು ಬೇರೆಯವರಿಗೂ ಬಿಟ್ಟುಕೊಡಿ ಅಂತ. ಇದಕ್ಕೆ ಜಗತ್ತಿನಲ್ಲಿ ಮೂರು ದಾರಿಗಳಿದ್ದವು. ತಂತಿಯನ್ನು ಪೂರ್ತಿ ಬಾಡಿಗೆಗೆ ಕೊಡುವುದು ಒಂದು. ಮಾತು ಹಳೆಯ ಕಂಪನಿಗೇ ಇರಲಿ, ಮೇಲಿನ ಕಂಪನಾಂಕ ಇನ್ನೊಬ್ಬರಿಗೆ ಹೋಗಲಿ ಅನ್ನುವುದು ಇನ್ನೊಂದು. ಮೂರನೆಯದು ನನಗೆ ಬಹಳ ಇಷ್ಟವಾದದ್ದು: ಯಂತ್ರವೂ ಹಳೆಯ ಕಂಪನಿಯದೇ, ಆದರೆ ಗಿರಾಕಿ ಲಾಗಿನ್ ಆಗುವಾಗ ಹೆಸರಿನ ಮುಂದೆ ಅಟ್ ಗುರುತು ಹಾಕಿ ಯಾವ ಕಂಪನಿ ಅಂತ ಬರೆದರೆ ದಟ್ಟಣೆ ಅವರ ಕಡೆಗೇ ತಿರುಗುತ್ತದೆ. ಟಪಾಲಿನ ವಿಳಾಸ ಇದ್ದಂತೆ.

ಜಪಾನಿನಲ್ಲಿ ಇದು ನಡೆದುಹೋಯಿತು. ಅಲ್ಲಿನ ಎನ್‌ಟಿಟಿ ತನ್ನ ತಾಮ್ರವನ್ನು ತಿಂಗಳಿಗೆ 200 ಯೆನ್‌ಗೂ ಕಡಿಮೆ ಬಾಡಿಗೆಗೆ ಹಂಚಿಕೊಳ್ಳಬೇಕಾಯಿತು. 2001ರ ಸೆಪ್ಟೆಂಬರಿನಲ್ಲಿ ಸಾಫ್ಟ್‌ಬ್ಯಾಂಕಿನ ಯಾಹೂ ಬಿಬಿ ಅದೇ ತಂತಿಯ ಮೇಲೆ 8 ಎಂಬಿಪಿಎಸ್ ಕೊಡಲು ಶುರು ಮಾಡಿತು. ಎನ್‌ಟಿಟಿಯದೇ ಫ್ಲೆಟ್ಸ್ ಸೇವೆಯಲ್ಲಂತೂ ಒಂದೇ ಲೈನಿನಲ್ಲಿ ಎರಡು ಸಂಪರ್ಕ ಒಟ್ಟಿಗೆ ನಡೆಯುತ್ತಿತ್ತು. ಮನೆಯ ಒಂದು ಕಂಪ್ಯೂಟರ್ ಒಂದು ಕಂಪನಿ, ಇನ್ನೊಂದು ಇನ್ನೊಂದು ಕಂಪನಿ. ನಮ್ಮಲ್ಲಿ ಮೂರು ಚಿತ್ರಗಳನ್ನು ಸರದಿಯಲ್ಲಿ ಒತ್ತುತ್ತಿದ್ದವರಿಗೆ ಇದು ಗಂಧರ್ವಲೋಕವೇ ಸರಿ.

ನಮ್ಮಲ್ಲಿ? 2004ರ ಅಕ್ಟೋಬರ್ 14ರಂದು ಬ್ರಾಡ್‌ಬ್ಯಾಂಡ್ ನೀತಿ ಹೊರಬಿತ್ತು. ಸಚಿವರು ದಯಾನಿಧಿ ಮಾರನ್, ನಮ್ಮ ಚೆನ್ನೈ ಮಧ್ಯ ಕ್ಷೇತ್ರದ ಸಂಸದರೇ. 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅಂತ ವ್ಯಾಖ್ಯೆ, 2010ಕ್ಕೆ 2 ಕೋಟಿ ಸಂಪರ್ಕ ಅಂತ ಗುರಿ. ತಂತಿಯ ವಿಷಯಕ್ಕೆ ಬಂದಾಗ ಮಾತ್ರ, ಕಂಪನಿಗಳು ಪರಸ್ಪರ ಒಪ್ಪಿ ವ್ಯಾಪಾರದ ಕರಾರು ಮಾಡಿಕೊಳ್ಳಬಹುದು ಅಂದಿತು ನೀತಿ. ಕಡ್ಡಾಯ ಇಲ್ಲ. ಬಾಡಿಗೆ ಕೊಡಬಹುದು ಅಂದರೆ ಯಾವ ಮನೆಯವನು ತನ್ನ ಪ್ರತಿಸ್ಪರ್ಧಿಗೆ ಕೋಣೆ ಕೊಡುತ್ತಾನೆ ಹೇಳಿ?

ಬಿಎಸ್‌ಎನ್‌ಎಲ್ ಕಡೆಯ ವಾದವನ್ನೂ ತಳ್ಳಿಹಾಕುವಂತಿಲ್ಲ. ಹಳ್ಳಿಹಳ್ಳಿಗೆ ನಷ್ಟದಲ್ಲಿ ತಂತಿ ಎಳೆದವರು ನಾವು, ಖಾಸಗಿಯವರು ಬಂದು ಕೀಲ್ಪಾಕ್, ಅಣ್ಣಾನಗರದಂಥ ಕಡೆ ಕೆನೆ ತಿಂದು ಹೋಗುತ್ತಾರೆ ಅನ್ನುವ ಮಾತು. ನೌಕರರ ಸಂಘಗಳು ಕಟುವಾಗಿಯೇ ವಿರೋಧಿಸಿದವು. ನನ್ನ ಮಟ್ಟಿಗೆ ಹೇಳುವುದಾದರೆ, ಅದಕ್ಕೆ ಉತ್ತರ ಸರಿಯಾದ ಬಾಡಿಗೆ ನಿಗದಿ ಮಾಡುವುದಾಗಿತ್ತು, ಬಾಗಿಲು ಹಾಕಿಕೊಳ್ಳುವುದಲ್ಲ. ಆ ತಾಮ್ರದಲ್ಲಿ ಠೇವಣಿ ಇಟ್ಟವರ ಪಾಲೂ ಇತ್ತಲ್ಲ!

2005ರ ಜನವರಿಯಲ್ಲಿ ಡೇಟಾವನ್ ಬಂತು. ಜಾಲದ ಮುಖ್ಯ ನಿರ್ವಹಣಾ ಕೇಂದ್ರ ಇದ್ದದ್ದು ನಮ್ಮ ಬೆಂಗಳೂರಿನಲ್ಲಿ ಅಂತ ಕೇಳಿದಾಗ ಸುಮ್ಮನೆ ಒಂದು ಹೆಮ್ಮೆ. ಫೋನೂ ನಡೆಯುತ್ತೆ, ನೆಟ್ಟೂ ನಡೆಯುತ್ತೆ, ಮನೆಯವಳಿಗೆ ನೆಮ್ಮದಿ. 500 ರೂಪಾಯಿ ಪ್ಲಾನಿನವರಿಗೆ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲದ ಡೌನ್‌ಲೋಡ್ ಬಂದ ಮೇಲೆ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದವರು ಎಷ್ಟು ಜನ, ಕೈ ಎತ್ತಿ ನೋಡೋಣ. ತಮಾಷೆ ಏನೆಂದರೆ ಲಾಗಿನ್ ಹೆಸರಿನ ಕೊನೆಗೆ ಅಟ್ ಡೇಟಾವನ್ ಅಂತ ಬರೆಯಬೇಕಿತ್ತು. ಬೇರೆ ಕಂಪನಿಯ ಹೆಸರು ಬರೆಯಲೆಂದೇ ಇರುವ ಜಾಗ ಅದು. ಅಲ್ಲಿ ಬರೆಯಲು ಬೇರೆ ಹೆಸರೇ ಇರಲಿಲ್ಲ.

ಬೇರೆಯವರು ಕೈಕಟ್ಟಿ ಕೂರಲಿಲ್ಲ. ಸಿಫಿ ಕೇಬಲ್ ಟಿವಿಯವರ ಜೊತೆ ಸೇರಿ ತಾರಸಿಯಿಂದ ತಾರಸಿಗೆ ತಂತಿ ಎಸೆಯಿತು. ಏರ್‌ಟೆಲ್ ತನ್ನದೇ ತಾಮ್ರ ಹೂತಿತು. ಡಿಶ್‌ನೆಟ್‌ನ ಇಂಟರ್‌ನೆಟ್ ವ್ಯವಹಾರವನ್ನು 2004ರಲ್ಲಿ ವಿಎಸ್‌ಎನ್‌ಎಲ್ ಕೊಂಡುಕೊಂಡಿತು. ಎರಡು ಕಂಪನಿ ಬೇಕೆಂದವರು ಮನೆಗೆ ಎರಡು ತಂತಿ ಎಳೆಸಿಕೊಂಡರು. ಒಂದು ಜೋಡಿ ತಾಮ್ರದಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ರಸ್ತೆ ಅಗೆದದ್ದೇ ಅಗೆದದ್ದು. 2010ರ ಕೊನೆಗೆ ದೇಶದಲ್ಲಿದ್ದ ಬ್ರಾಡ್‌ಬ್ಯಾಂಡ್ ಸಂಪರ್ಕ ಸುಮಾರು 1.1 ಕೋಟಿ, ಗುರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಂತಿ ಹಂಚಿಕೊಂಡಿದ್ದರೆ 2 ಕೋಟಿ ಮುಟ್ಟುತ್ತಿತ್ತು ಅಂತ ನಾನು ಆಣೆ ಮಾಡಲಾರೆ. ಆದರೆ ಬಿಟ್ಟುಕೊಡದೆ ಉಳಿಸಿಕೊಂಡ ತಾಮ್ರದಿಂದ ಬಿಎಸ್‌ಎನ್‌ಎಲ್‌ಗೂ ಹೆಚ್ಚೇನೂ ದಕ್ಕಲಿಲ್ಲ. ಮೊಬೈಲ್ ಬಂದಂತೆ ಜನ ಲ್ಯಾಂಡ್‌ಲೈನನ್ನೇ ಕೈಬಿಟ್ಟರು, ಬಾಡಿಗೆ ಕೊಡಬಹುದಾಗಿದ್ದ ತಂತಿ ಮಣ್ಣಿನಲ್ಲೇ ಸುಮ್ಮನೆ ಮಲಗಿತು.

ಈಗ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2 ಎಂಬಿಪಿಎಸ್ ಬೇಕು, 2023ರಲ್ಲಿ ವ್ಯಾಖ್ಯೆ ಬದಲಾಯಿತು. ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದಿದೆ. ಅದರಲ್ಲೂ ಬಿಎಸ್‌ಎನ್‌ಎಲ್ ಫೈಬರನ್ನು ಎಷ್ಟೋ ಕಡೆ ಕೊನೆಯ ಮನೆಯವರೆಗೆ ಎಳೆಯುವವರು ಸ್ಥಳೀಯ ಪಾಲುದಾರರು, ಬಹುಪಾಲು ಅದೇ ಕೇಬಲ್ ಟಿವಿ ಕಡೆಯವರು. ತಂತಿ ಅವರದು, ನಂಬರ್ ಸರ್ಕಾರದ್ದು. ಬೇರೆಯವರ ತಂತಿಯ ಮೇಲೆ ಸೇವೆ ಕೊಡುವುದು ಸಾಧ್ಯವೇ ಅಂತ 2004ರಲ್ಲಿ ಎದ್ದ ಪ್ರಶ್ನೆಗೆ ಬಿಎಸ್‌ಎನ್‌ಎಲ್ಲೇ ಈಗ ದಿನವೂ ಉತ್ತರ ಕೊಡುತ್ತಿದೆ, ಬಾಡಿಗೆದಾರನ ಜಾಗದಲ್ಲಿ ನಿಂತು.