ಬನ್ನಿ ಎಂದು ತಂದದ್ದು ಬಳ್ಳಾರಿ ಜಾಲಿ

ಕಳೆದ ವಿಜಯದಶಮಿಯಂದು ನಮ್ಮ ವಸಂತ್ ಕುಂಜ್‌ನ ಕನ್ನಡ ಕುಟುಂಬಗಳು ಬನ್ನಿ ಹಂಚಿಕೊಳ್ಳಲು ಸೇರಿದ್ದೆವು. ನನ್ನ ಮಗಳು ಗುಡ್ಡದ ಅಂಚಿನಿಂದ ಒಂದು ಹಿಡಿ ಸೊಪ್ಪನ್ನು ಉತ್ಸಾಹದಿಂದ ತಂದಿದ್ದಳು. ಧಾರವಾಡದ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ, ‘ಅಲ್ಲವ್ವಾ, ಇದು ಬನ್ನಿ ಅಲ್ಲ, ಬಳ್ಳಾರಿ ಜಾಲಿ!’ ಎಂದು ನಕ್ಕರು. ಬಳ್ಳಾರಿ ಸೀಮೆಯವನಾದ ನನಗೆ ತುಸು ನಾಚಿಕೆಯಾಯಿತು. ಹಗರಿಯ ಮರಳು ದಂಡೆಯಲ್ಲಿ ಈ ಮುಳ್ಳನ್ನು ತುಳಿದೇ ಬೆಳೆದವನು ನಾನು.

ಆದರೆ ನಮ್ಮೂರಿನ ಹೆಸರು ಹೊತ್ತ ಈ ಮರ ನಮ್ಮೂರಿನದಲ್ಲ. ಮೂಲ ಅಮೆರಿಕ ಖಂಡದ್ದು. ಮದ್ರಾಸ್ ಅರಣ್ಯ ಇಲಾಖೆಯ ಬೆಡ್ಡೋಮ್ ಎಂಬ ಅಧಿಕಾರಿಯ ಕೋರಿಕೆಯಂತೆ ಜಮೈಕಾದಿಂದ ಬೀಜ ತರಿಸಿ 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಜೋಧಪುರ ಸಂಸ್ಥಾನವಂತೂ 1940ರಲ್ಲಿ ಇದಕ್ಕೆ ರಾಜವೃಕ್ಷದ ಪಟ್ಟವನ್ನೇ ಕಟ್ಟಿತು! ತಂದವರನ್ನು ಹಳಿಯುವುದು ಸುಲಭ. ಬರಡು ನೆಲದಲ್ಲಿ ಸೌದೆ ಕೊಡುವ ಬೇರೆ ಮರ ಅವರ ಕಣ್ಣಿಗೆ ಕಂಡಿರಲಿಲ್ಲ.

ದೆಹಲಿಯನ್ನು ರಾಜಧಾನಿಯೆಂದು 1911ರಲ್ಲಿ ಸಾರಿದ ಮೇಲಿನ ದಶಕಗಳಲ್ಲಿ, ಬೋಳುಗುಡ್ಡಗಳನ್ನು ಹಸಿರಾಗಿಸಲು ಬ್ರಿಟಿಷರು ಇದನ್ನೇ ನೆಡಿಸಿದರು. ಇಲ್ಲಿನವರು ಇದನ್ನು ವಿಲಾಯತಿ ಕೀಕರ್ ಎನ್ನುತ್ತಾರೆ. ಸಿಹಿಯಾದ ಕಾಯಿಯನ್ನು ಆಡು, ದನ ತಿನ್ನುತ್ತವೆ. ಬೀಜ ಸಗಣಿ, ಹಿಕ್ಕೆಯೊಡನೆ ಊರೆಲ್ಲ ಹರಡುತ್ತದೆ. ಕೆಳಗೆ ಬಿದ್ದ ಎಲೆಯ ರಸ ಇತರ ಬೀಜಗಳು ಮೊಳೆಯದಂತೆ ತಡೆಯುತ್ತದೆ. ಹೀಗೆ ಧೌ, ಮುತ್ತುಗ, ಕಗ್ಗಲಿಗಳಿದ್ದ ಜಾಗವನ್ನು ಜಾಲಿಯೊಂದೇ ಆಕ್ರಮಿಸಿತು.

ನಮ್ಮ ಬಡಾವಣೆಗೂ ಯಮುನೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ದಕ್ಷಿಣದ ಈ ಗುಡ್ಡಗಳ ಮಳೆನೀರು ಹಳ್ಳಗಳಾಗಿ ನದಿಯತ್ತ ಹರಿಯುತ್ತಿತ್ತು. ಅಂಥದೊಂದು ಹಳ್ಳಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕ್ ಕಟ್ಟಿಸಿದ ಸತ್‌ಪುಲಾ ಖಿಡ್ಕಿ ಗ್ರಾಮದ ಬಳಿ ಇಂದಿಗೂ ನಿಂತಿದೆ. ಗುಡ್ಡದಲ್ಲಿ ಹುಲ್ಲಿಲ್ಲದಿದ್ದರೆ ಮಳೆ ಇಂಗುವುದಿಲ್ಲ, ಮಣ್ಣು ನಿಲ್ಲುವುದಿಲ್ಲ. ನಾನು ಓದಿದ ಬಿ.ಎಸ್‌ಸಿ. ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಇದನ್ನು ಸರಿಪಡಿಸುವ ಕೆಲಸ ನದಿಯ ಬಳಿಯೇ ಶುರುವಾಯಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರವೂ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡವೂ ಸೇರಿ 2002ರ ಸುಮಾರಿಗೆ ವಜೀರಾಬಾದ್ ಬಳಿ ಯಮುನಾ ಜೀವವೈವಿಧ್ಯ ಉದ್ಯಾನವನ್ನು ಕೈಗೆತ್ತಿಕೊಂಡವು. ಚೌಳು ನೆಲದಲ್ಲಿ ಕೆರೆ ತೋಡಿ, ನದೀಬಯಲಿಗೆ ಸಹಜವಾದ ಹುಲ್ಲು ಮರಗಳನ್ನು ಬೆಳೆಸಿದರು; ವಲಸೆ ಹಕ್ಕಿಗಳು ಇಳಿದವು. ಬಳಿಕ ಅದೇ ಕೈಗಳು ನಮ್ಮ ನೆರೆಯ ವಸಂತ್ ವಿಹಾರದ ಹಳೆಯ ಗಣಿಗುಂಡಿಗಳನ್ನು ಅರಾವಳಿ ಜೀವವೈವಿಧ್ಯ ಉದ್ಯಾನವಾಗಿ ಮಾರ್ಪಡಿಸಿದವು.

ಅಲ್ಲಿನ ಉಪಾಯ ನನಗೆ ಬಹಳ ಹಿಡಿಸಿತು. ಜಾಲಿಯನ್ನು ಕಡಿದರೆ ಬೊಡ್ಡೆಯಿಂದ ಹತ್ತು ಚಿಗುರು ಏಳುತ್ತವೆ. ನಮ್ಮ ರೈತರನ್ನು ಕೇಳಿ. ಆದ್ದರಿಂದ ಮರವನ್ನು ಉರುಳಿಸದೆ ಮೇಲಿನ ಕೊಂಬೆಗಳನ್ನಷ್ಟೇ ಸವರಿ, ಬಿಸಿಲು ಬೀಳುವಂತೆ ಮಾಡಿ, ಕೆಳಗೆ ನಾಡಗಿಡ, ಬಳ್ಳಿಗಳನ್ನು ನೆಡುತ್ತಾರೆ. ಅವು ಮೇಲೆದ್ದು ನೆರಳು ಕವಿದಾಗ ಬಿಸಿಲು ಬೇಡುವ ಜಾಲಿ ತಾನಾಗಿ ಸೊರಗುತ್ತದೆ. ವರ್ಷಗಟ್ಟಲೆ ಹಿಡಿಯುವ ಕೆಲಸ. ಆದರೆ ಸೌದೆಗಾಗಿ ಜಾಲಿಯನ್ನೇ ನಂಬಿದ ಬಡ ಹೆಂಗಸರ ಒಲೆಗೆ ಏನು ದಾರಿ ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ.

ಬನ್ನಿಯೂ ಜಾಲಿಯೂ ಹತ್ತಿರದ ದಾಯಾದಿಗಳು. ಇಲ್ಲಿ ಬನ್ನಿಗೆ ಖೇಜ್ಡಿ ಎನ್ನುತ್ತಾರೆ. ಆ ಹಿರಿಯರು ಮಗಳಿಗೆ ಗುರುತು ಹೇಳಿಕೊಟ್ಟರು: ಎಲೆಯ ಬುಡದಲ್ಲೇ ಉದ್ದನೆಯ ಮುಳ್ಳಿದ್ದರೆ ಜಾಲಿ, ಗಿಣ್ಣುಗಳ ನಡುವೆ ಮೋಟು ಮುಳ್ಳು ಚದುರಿದ್ದರೆ ಬನ್ನಿ. ಈಗ ಅವಳು ದಾರಿಬದಿಯ ಪ್ರತಿ ಗಿಡದ ಮುಳ್ಳನ್ನೂ ಪರೀಕ್ಷಿಸುತ್ತಾಳೆ, ಬಸ್ಸು ತಪ್ಪುತ್ತದೆ.