ಹಳೇ ಕಾರಿನ ಎಸಿಯೂ ಓಝೋನ್ ತೂತೂ

ನಮ್ಮ ಕಡೆ ಹಳೇ ಕಾರಿನ ಎಸಿ ತಣ್ಣಗಾಗ್ತಿಲ್ಲ ಅಂದ್ರೆ ಸಿಗೋ ಉತ್ತರ ಒಂದೇ: "ಗ್ಯಾಸ್ ಕಮ್ಮಿ ಆಗೇತ್ರೀ, ಹಾಕಸ್ರಿ." ದಾಂಡೇಲಿಯಲ್ಲಿ ಕೇಳಿ, ಹಳಿಯಾಳದಲ್ಲಿ ಕೇಳಿ, ಮುಂಡಗೋಡದಲ್ಲಿ ಕೇಳಿ, ಇದೇ ಮಾತು. ಯಾವ ಗ್ಯಾಸು, ಕಾರು ಯಾವ ಇಸವಿಯದ್ದು ಅಂತ ಕೇಳೋರು ಕಮ್ಮಿ. ನನ್ನ ಪ್ರಕಾರ ಹಳೇ ಕಾರಿನ ಎಸಿ ರಿಪೇರಿ ಶುರುವಾಗಬೇಕಾದ್ದೇ ಆ ಇಸವಿಯಿಂದ.

ಇದು ಬರೀ ಸೆಕೆಯ ಪ್ರಶ್ನೆ ಅಲ್ಲ. ಮುಂಡಗೋಡದ ಏಪ್ರಿಲ್ ಬಿಸಿಲಿಗೆ ಕಿಟಕಿ ಇಳಿಸಿಕೊಂಡು ಹೋಗಬಹುದು. ಆದರೆ ಜುಲೈ ಮಳೇಲಿ ಜೋಯಿಡಾ ಕಡೆ ಹೊರಟು ನೋಡಿ. ಕಿಟಕಿ ಇಳಿಸೋ ಹಾಗಿಲ್ಲ, ಒಳಗೆ ನಾಲ್ಕು ಜನರ ಉಸಿರು, ಎರಡೇ ನಿಮಿಷಕ್ಕೆ ಮುಂದಿನ ಗಾಜು ಮಬ್ಬು. ಗಾಳಿಯ ತೇವ ಹೀರಿ ಆ ಗಾಜನ್ನು ತಿಳಿ ಮಾಡೋದು ಎಸಿಯೇ. ಅಣಶಿ ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಎಸಿಯ ಬೆಲೆ ಗೊತ್ತಾಗುತ್ತೆ!

ಈಗ ಸ್ವಲ್ಪ ಇತಿಹಾಸ. 1920ರ ದಶಕದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಾನಿಲಗಳು ಇರ್ತಿದ್ವು, ಸೋರಿದರೆ ಪ್ರಾಣಕ್ಕೇ ಅಪಾಯ. ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು 1928ರಲ್ಲಿ ಪರಿಹಾರ ಹುಡುಕಿದರು: ಆರ್-12, ವ್ಯಾಪಾರದ ಹೆಸರು ಫ್ರಿಯಾನ್. ವಿಷ ಅಲ್ಲ, ಬೆಂಕಿ ಹಿಡಿಯಲ್ಲ. 1930ರಲ್ಲಿ ಮಿಡ್ಜ್‌ಲಿ ಅದನ್ನ ಎಲ್ಲರೆದುರು ಉಸಿರಾಡಿ, ಹೊರಬಿಟ್ಟ ಉಸಿರಿನಿಂದಲೇ ದೀಪ ಆರಿಸಿ ತೋರಿಸಿದ. (ಪೆಟ್ರೋಲಿಗೆ ಸೀಸ ಬೆರೆಸೋ ಉಪಾಯವೂ ಇದೇ ಮಹಾಶಯನದ್ದು!) 1939ರ ಕೊನೆಗೆ ಪ್ಯಾಕರ್ಡ್ ಕಂಪನಿ ಕಾರಿಗೆ ಎಸಿ ಕೂಡಿಸಿತು. ಅದರ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ, ಎಸಿ ಬೇಡ ಅಂದ್ರೆ ಇಂಜಿನ್ ನಿಲ್ಲಿಸಿ, ಇಳಿದು, ಬೆಲ್ಟ್ ಬಿಚ್ಚಬೇಕಿತ್ತಂತೆ :)

ನಮ್ಮಲ್ಲಿ ಮಾರುತಿ 800 ಬಂದಿದ್ದು 1983ರ ಡಿಸೆಂಬರಿನಲ್ಲಿ. ಮಧ್ಯಮ ವರ್ಗಕ್ಕೆ ಕಾರಿನ ಎಸಿ ಕೈಗೆಟುಕಿದ್ದು ಆಮೇಲೆ. 796 ಸಿಸಿಯ ಪುಟ್ಟ ಇಂಜಿನ್ನು, ಘಟ್ಟ ಹತ್ತುವಾಗ ಎಸಿ ಆರಿಸೋದು ನಮ್ಮವರ ಪದ್ಧತಿಯೇ ಆಗಿತ್ತು.

ಅಷ್ಟರಲ್ಲಿ ಕಥೆ ತಿರುಗಿತ್ತು. ಇಂಥ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ ಅಂತ ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ತೂತು ಜಗತ್ತಿಗೆ ಗೊತ್ತಾಯ್ತು. 1987ರ ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್ ಒಪ್ಪಂದ. ಭಾರತ ಸೇರಿದ್ದು 1992ರಲ್ಲಿ. 2000ದ ನಿಯಮಗಳ ಪ್ರಕಾರ 2003ರಿಂದ ಹೊಸ ಉಪಕರಣಗಳಲ್ಲಿ ಈ ಗ್ಯಾಸ್ ಬಳಕೆಗೆ ತಡೆ ಬಿತ್ತು. 2008ರ ಆಗಸ್ಟಿನಲ್ಲಿ ದೇಶದಲ್ಲಿ ತಯಾರಿಕೆಯೇ ನಿಂತಿತು. ಅದರ ಜಾಗಕ್ಕೆ ಬಂದಿದ್ದು ಆರ್-134ಎ.

ತೊಂದರೆ ಇರೋದು ಇಲ್ಲೇ. ಎರಡೂ ಅಣ್ಣತಮ್ಮ ಇದ್ದ ಹಾಗೆ ಕಂಡರೂ ಒಂದೇ ಮನೇಲಿ ಬಾಳುವುದಿಲ್ಲ. ಆರ್-12ರ ಜೊತೆ ಹೋಗುತ್ತಿದ್ದ ಖನಿಜ ಎಣ್ಣೆ 134ಎ ಜೊತೆ ಬೆರೆಯಲ್ಲ, ಎಣ್ಣೆ ವಾಪಸ್ ಬರದೆ ಕಂಪ್ರೆಸರ್ ಒಣಗುತ್ತೆ. 134ಎ ಅಣು ಚಿಕ್ಕದು, ಹಳೇ ರಬ್ಬರ್ ಪೈಪಿನಿಂದ ನುಸುಳುತ್ತೆ. ಬಿಸಿಲಲ್ಲಿ ಒತ್ತಡವೂ ಜಾಸ್ತಿ, ಹಳೇ ಕಂಡೆನ್ಸರಿಗೆ ಅಷ್ಟು ಬಿಸಿ ಹೊರಹಾಕೋ ತಾಕತ್ತು ಸಾಲದು. ಉಳಿದಿದ್ದ ಆರ್-12ರ ಮೇಲೇ ಹೊಸದನ್ನು ತುಂಬಿದರಂತೂ ಒತ್ತಡ ಏರುತ್ತೆ, ತಂಪು ಇಳಿಯುತ್ತೆ.

ನನ್ನ ಹತ್ತಿರ ಇರೋದು 1996ರ ಸೆಕೆಂಡ್ ಹ್ಯಾಂಡ್ ಕಾರು. ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಿದ ಚೀಟಿಗಳ ಕಟ್ಟೇ ಅದರ ಜೊತೆ ಬಂತು. ಬಾನೆಟ್ ಎತ್ತಿದೆ. ಆರ್-12 ತುಂಬುವ ಬಾಯಿಗೆ ತಿರುಪಿನ ಹಲ್ಲು ಇರುತ್ತೆ. 134ಎ ಬಾಯಿ ಒತ್ತಿ ಕೂರಿಸೋ ಥರದ್ದು. ನನ್ನ ಕಾರಿನಲ್ಲಿ ತಿರುಪಿನ ಬಾಯಿಯ ಮೇಲೆ ಹೊಸ ಅಡಾಪ್ಟರ್ ಕೂತಿತ್ತು, ಜೊತೆಗೆ ಪೈಪಿನ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು. ಗ್ಯಾಸು ಬದಲಾಗಿದೆ, ಪೈಪು ಬದಲಾಗಿಲ್ಲ ಅಂತ ಅನುಮಾನ ಬರೋಕೆ ಅಷ್ಟು ಸಾಕು. ಚೀಟಿಗಳ ಗುಟ್ಟು ಗೊತ್ತಾಯ್ತಲ್ಲ?

ಹುಬ್ಬಳ್ಳಿಯ ಒಬ್ಬ ಹಿರಿಯ ಮೆಕ್ಯಾನಿಕ್ ಅದನ್ನ ಸರಿ ಮಾಡಿದರು. ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಂಡು, ಹಳೇ ಎಣ್ಣೆ ತೊಳೆದು ಎಸ್ಟರ್ ಎಣ್ಣೆ ಹಾಕಿ, ಡ್ರೈಯರ್, ಓ-ರಿಂಗು, ಎರಡು ಪೈಪು ಬದಲಿಸಿದರು. ವ್ಯಾಕ್ಯೂಮ್ ಮಾಡಿ ಅದು ನಿಲ್ಲುತ್ತಾ ನೋಡಿ, ಆಮೇಲೆ ಗ್ಯಾಸು ತೂಕ ಮಾಡಿ ತುಂಬಿದರು, ಹಿಂದಿನ ತೂಕಕ್ಕಿಂತ ಸ್ವಲ್ಪ ಕಮ್ಮಿಯೇ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲಿನಲ್ಲಿ ಕೆಂಪು ಧೂಳು, ಸಾಗವಾನಿ ಎಲೆ ಚೂರು ಗಟ್ಟಿಯಾಗಿ ಕೂತಿತ್ತು! ಆ ಕಾಲದ ಕಾರಿಗೆ ಫಿಲ್ಟರ್ ಎಲ್ಲಿ ಬರಬೇಕು? ಮೂರು ಮಳೆಗಾಲ ಕಳೀತು, ಗ್ಯಾಸ್ ಮತ್ತೆ ಹಾಕಿಸಿಲ್ಲ.

ನಿಮಗೂ ಉಪಯೋಗಕ್ಕೆ ಬರಲಿ ಅಂತ ಇಷ್ಟು ಹೇಳ್ತೀನಿ. ಓಡುವಾಗ ತಂಪಾಗಿ, ಹಳಿಯಾಳ ಪೇಟೇಲಿ ನಿಂತಾಗ ಬಿಸಿ ಬಂದ್ರೆ ಮೊದಲು ಕಂಡೆನ್ಸರ್ ಫ್ಯಾನ್ ನೋಡಿ. ಗಾಳಿ ತಣ್ಣಗಿದ್ದೂ ಜೋರಾಗಿ ಬರದಿದ್ರೆ ಕಾಯಿಲಿನ ಕಸ ತೆಗೆಸಿ. ವರ್ಷ ವರ್ಷ ಗ್ಯಾಸ್ ಮುಗೀತಿದ್ರೆ ಸೋರಿಕೆ ಹುಡುಕಿಸದೆ ದುಡ್ಡು ಕೊಡಬೇಡಿ. ಅಗ್ಗ ಅಂತ ಅಡುಗೆ ಗ್ಯಾಸಿನಂಥದ್ದನ್ನು ತುಂಬೋರೂ ಇದ್ದಾರೆ, ಬೆಂಕಿ ಹಿಡಿಯೋ ವಸ್ತು ಅದು, ಬೇಡವೇ ಬೇಡ.

134ಎ ಓಝೋನಿಗೆ ಹಾನಿ ಮಾಡಲ್ಲ ನಿಜ, ಆದರೆ ಭೂಮಿ ಬಿಸಿ ಮಾಡೋದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. 2017ರಿಂದ ಯುರೋಪಿನ ಹೊಸ ಕಾರುಗಳಲ್ಲಿ ಅದಕ್ಕೂ ಜಾಗ ಇಲ್ಲ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಅಂದ್ರೆ ಇವತ್ತಿನ ಕಾರೂ ಮುಂದೆ ನನ್ನ 1996ರ ಕಾರಿನ ಸ್ಥಿತಿಗೇ ಬರಬಹುದು.

ನಿಮ್ಮ ಮನೇಲೂ ಹಳೇ ಕಾರಿದ್ರೆ ಒಮ್ಮೆ ಬಾನೆಟ್ ಎತ್ತಿ ಆ ಬಾಯಿ ನೋಡಿ. ತಿರುಪಿನದೋ, ಒತ್ತುವುದೋ? ತಿಳಿಸಿ.