ಕಮ್ಮಟದ ನಾಣ್ಯ, ಕಪಟದ ನಾಣ್ಯ

ನಾಣ್ಯವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಚಲಾವಣೆಯ ದುಡ್ಡು ಎಂಬುದು ಒಂದು. ಸಾಚಾತನ, ಒಳ್ಳೆಯ ಗುಣ ಎಂಬುದು ಮತ್ತೊಂದು. ನಾಣ್ಯವಾದ ಬಟ್ಟೆ, ನಾಣ್ಯವಾದ ಕೆಲಸ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿದ್ದೀರಿ. ಹೀಗಿದ್ದೂ ಹಳೆಯ ನಾಣ್ಯದ ಹೆಸರಿನಲ್ಲಿ ನಡೆಯುವಷ್ಟು ಮೋಸ ಬೇರೆ ಸರಕಿನಲ್ಲಿ ನಡೆಯುವುದು ಅಪರೂಪ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜನಕ್ಕೆ ಆ ಮೋಸದ ಕಥೆ ಹೊಸದಲ್ಲ. ಮನೆಯ ಪಾಯ ತೋಡುವಾಗ ಪಾಳೆಯಗಾರರ ಕಾಲದ ಚಿನ್ನದ ನಾಣ್ಯಗಳ ಕೊಪ್ಪರಿಗೆ ಸಿಕ್ಕಿತೆಂದು ಯಾರೋ ದೂರದವರಿಗೆ ಸುದ್ದಿ ಮುಟ್ಟಿಸುತ್ತಾರೆ. ಮಾದರಿಗೆಂದು ಒಂದೆರಡು ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗನ ಒರೆಗಲ್ಲಿನಲ್ಲಿ ಅವು ಅಪ್ಪಟ ಚಿನ್ನವೇ ಆಗಿರುತ್ತವೆ. ಆಮೇಲೆ ಲಕ್ಷಗಟ್ಟಲೆ ಹಣ ತೆತ್ತು ತಂದ ಗಂಟನ್ನು ಬಿಚ್ಚಿ ನೋಡಿದರೆ ಉಳಿದುದೆಲ್ಲ ಹಿತ್ತಾಳೆ! ಕೊಂಡವನಿಗೆ ದೂರು ಕೊಡಲೂ ಹಿಂಜರಿಕೆ, ಏಕೆಂದರೆ ನಿಧಿಯನ್ನು ಗುಟ್ಟಾಗಿ ಕೊಳ್ಳಹೋದದ್ದೇ ತಪ್ಪು.

ಈ ಕಥೆಯನ್ನು ಜನ ನಂಬುವುದೇಕೆ? ನಮ್ಮ ನೆಲ ನಿಜವಾಗಿಯೂ ನಾಣ್ಯಗಳ ನೆಲವಾದ್ದರಿಂದ. ದುರ್ಗದ ಬೆಟ್ಟ, ಚೋಳಗುಡ್ಡ, ಕಿರುಬನಕಲ್ಲುಗಳ ನಡುವಣ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1928-29ರಲ್ಲಿಯೂ, ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಅಗೆತ ನಡೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳು ಇಲ್ಲಿ ದೊರೆತಿವೆ. ಡುಬ್ಬದ ಗೂಳಿಯನ್ನೂ ಕಟಕಟೆಯೊಳಗಿನ ಮರವನ್ನೂ ಹೊತ್ತ ಮಹಾರಠಿಗಳ ನಾಣ್ಯಗಳು ಚಿತ್ರದುರ್ಗದ ಕಡೆಯವೇ. ಇವುಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ದಿನಾರಿಯಸ್ ನಾಣ್ಯಗಳೂ ಸಿಕ್ಕಿವೆ.

ಟೈಬೀರಿಯಸ್ ಆಳಿದ್ದು ಕ್ರಿ. ಶ. 14ರಿಂದ 37ರವರೆಗೆ. ಅವನ ನಾಣ್ಯ ಸಿಕ್ಕ ಮಣ್ಣಿನ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಅದೇ ಪದರದ ಮಡಕೆ, ಮಣಿ, ಸೀಸದ ನಾಣ್ಯಗಳಿಗೂ ಕಾಲವನ್ನು ಗೊತ್ತುಮಾಡಲು ಇದೇ ಆಧಾರವಾಯಿತು. ಬೆರಳ ತುದಿಯಷ್ಟರ ಬೆಳ್ಳಿ ಬಿಲ್ಲೆ ಇಡೀ ಊರಿನ ಚರಿತ್ರೆಗೆ ಸಾಕ್ಷಿ ನುಡಿಯಿತು. ಅದೇ ನಾಣ್ಯ ಯಾರದೋ ಜೇಬಿನಿಂದ ಸಂತೆಗೆ ಬಂದಿದ್ದರೆ ಅದು ಬರಿಯ ಬೆಳ್ಳಿಯ ಚೂರು, ಅಷ್ಟೆ.

ಪರದೇಶದ ನಾಣ್ಯವೂ ಇಲ್ಲಿ ಸಿಗುತ್ತದೆಂಬ ಮಾತು ಹಬ್ಬಿದ ಮೇಲೆ, ಗ್ರೀಕರದು, ರೋಮನರದು ಎಂದು ತೋರಿಸಿದ ಬಿಲ್ಲೆಯನ್ನು ನಂಬುವುದು ಸುಲಭ. ಈ ಕಪಟವಿದ್ಯೆ ಯುರೋಪಿನಲ್ಲಿಯೂ ಹಳೆಯದೇ. ಜರ್ಮನಿಯ ಬೆಕರ್ (1772-1830) ಎಂಬವನು ಗ್ರೀಕ್ ಮತ್ತು ರೋಮನ್ ನಾಣ್ಯಗಳ ಅಚ್ಚುಗಳನ್ನು ತಾನೇ ಕೊರೆದು ನಾಣ್ಯ ಒತ್ತುತ್ತಿದ್ದನು. ಹೊಸ ಹೊಳಪು ಹೋಗಲೆಂದು ಅವನ್ನು ಕಬ್ಬಿಣದ ಪುಡಿ, ಜಿಡ್ಡುಗಳೊಡನೆ ಪೆಟ್ಟಿಗೆಯಲ್ಲಿಟ್ಟು, ಗಾಡಿಗೆ ಕಟ್ಟಿ ತಿರುಗಾಡಿಸುತ್ತಿದ್ದನಂತೆ. ಅಥೆನ್ಸಿನ ಕ್ರಿಸ್ಟೊಡೌಲೋಸ್ ಎಂಬವನ ಕೃತಕ ನಾಣ್ಯಗಳನ್ನು ಸ್ವೊರೊನೋಸ್ ಎಂಬ ವಿದ್ವಾಂಸರು 1922ರಲ್ಲಿ ಚಿತ್ರಸಮೇತ ಪ್ರಕಟಿಸಿ ಜನರನ್ನು ಎಚ್ಚರಿಸಬೇಕಾಯಿತು.

ನಮ್ಮಲ್ಲಿ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ರೂಪದರ್ಶಕನೆಂಬ ಅಧಿಕಾರಿಯನ್ನು ಹೇಳಿದ್ದಾನೆ. ಕಳ್ಳನಾಣ್ಯ ಮಾಡುವವನನ್ನು ಹಿಡಿಯುವ ಬಗೆಯನ್ನೂ ಹೇಳಿದ್ದಾನೆ. ಈಗ ನಿಮಗೆ ನೀವೇ ರೂಪದರ್ಶಕರಾಗಬೇಕು. ನೋಡತಕ್ಕ ಅಂಶಗಳು ಇವು:

ಮೊದಲನೆಯದು ತೂಕ. ಹಳೆಯ ಚಿನ್ನದ ವರಹ ಸುಮಾರು 3.4 ಗ್ರಾಂ ತೂಗುತ್ತದೆ. ಅದೇ ಗಾತ್ರದ ಹಿತ್ತಾಳೆಯ ಬಿಲ್ಲೆ ಅದರ ಅರ್ಧದಷ್ಟೂ ತೂಗದು. ಅಥೆನ್ಸಿನ ಗೂಬೆ ನಾಣ್ಯದ ತೂಕ ಸುಮಾರು 17 ಗ್ರಾಂ. ದಿನಾರಿಯಸ್ ನಾಲ್ಕು ಗ್ರಾಂಗೆ ತುಸು ಕಡಿಮೆ. ಮಾದರಿಯ ಒಂದು ನಾಣ್ಯವನ್ನಲ್ಲ, ಕೊಡುವ ಒಂದೊಂದನ್ನೂ ತೂಗಬೇಕು.

ಎರಡನೆಯದು ಅಂಚು. ಕಮ್ಮಟದಲ್ಲಿ ಈ ನಾಣ್ಯಗಳನ್ನು ಸುತ್ತಿಗೆಯ ಪೆಟ್ಟಿನಿಂದ ಅಚ್ಚೊತ್ತುತ್ತಿದ್ದರು. ಎರಕ ಹೊಯ್ದ ನಕಲಿನ ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಸಣ್ಣ ತೂತು, ಮೊಂಡಾದ ಅಕ್ಷರ ಕಾಣುತ್ತವೆ. ಹಾಗೆಂದು ಎರಕವೆಲ್ಲ ನಕಲಿಯಲ್ಲ; ಭಾರತದಲ್ಲಿ ಪ್ರಾಚೀನ ತಾಮ್ರದ ನಾಣ್ಯಗಳಲ್ಲಿ ಎರಕದವೂ ಇವೆ.

ಮೂರನೆಯದು ಅವಳಿತನ. ಕೈಪೆಟ್ಟಿನ ಎರಡು ನಾಣ್ಯಗಳು ಅಂಚಿನ ಬಿರುಕು, ಗೀರುಗಳಲ್ಲಿ ಪೂರ್ತಿ ಒಂದೇ ಆಗಿರವು. ಹತ್ತು ನಾಣ್ಯಗಳಲ್ಲಿಯೂ ಒಂದೇ ಗೀರು ಒಂದೇ ಜಾಗದಲ್ಲಿದ್ದರೆ ಅವೆಲ್ಲ ಒಂದೇ ಪಡಿಯಚ್ಚಿನ ಮಕ್ಕಳು.

ನಾಲ್ಕನೆಯದು ಚರಿತ್ರೆ. ಕ್ರಿಸ್ತಪೂರ್ವದ ಇಸವಿಯನ್ನು ತನ್ನ ಮೇಲೆ ಬರೆದುಕೊಂಡ ನಾಣ್ಯ ಇರಲು ಸಾಧ್ಯವೆ? 1616, 1717, 1818 ಎಂಬ ಇಸವಿಯೊಡನೆ ಶ್ರೀರಾಮನನ್ನೋ ಹನುಮಂತನನ್ನೋ ಹೊತ್ತ ‘ಕಂಪನಿ ಅರ್ಧ ಆಣೆ’ಗಳು ಕಂಪನಿಯ ಟಂಕಸಾಲೆಯವಲ್ಲ. ಕಂಪನಿ ತನ್ನ ಆಡಳಿತಕ್ಕೆಲ್ಲ ಏಕರೂಪದ ನಾಣ್ಯವನ್ನು ತಂದದ್ದೇ 1835ರಲ್ಲಿ. ಆದರೆ ದೇವರ ಚಿತ್ರ ಕಂಡೊಡನೆ ಸುಳ್ಳೆನ್ನಲೂ ಆಗದು. 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರಾಲಿಯ ಬಹದ್ದೂರಿ ವರಹದಲ್ಲಿ ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ ಉಂಟು. ಅಕ್ಕಿಯನ್ನು ಸೆಳೆಯುವ ನಾಣ್ಯವೆಂಬುದಂತೂ ಶುದ್ಧ ವಂಚನೆ.

ಮೋಸಗಾರನು ಲೋಹ, ತೂಕ, ಅಕ್ಷರಗಳನ್ನು ಅನುಕರಿಸಬಲ್ಲ. ಯಾವ ಊರಿನ ಯಾವ ಪದರದಲ್ಲಿ ಯಾವುದರ ಜೊತೆ ಸಿಕ್ಕಿತು ಎಂಬುದನ್ನು ಮಾತ್ರ ಅವನು ಹುಟ್ಟಿಸಲಾರ. ಆದ್ದರಿಂದ ನಾಣ್ಯಕ್ಕಿಂತ ಮೊದಲು ಅದು ಬಂದ ದಾರಿಯನ್ನು ಪರೀಕ್ಷಿಸಿರಿ. ಬಂದ ದಾರಿಯನ್ನು ಹೇಳಲೊಲ್ಲದವನ ಹತ್ತಿರ, ಬರಹದಲ್ಲಿ ರಸೀತಿ ಕೊಡದವನ ಹತ್ತಿರ ಕೊಳ್ಳಬೇಡಿರಿ.

ಕಾನೂನೂ ಇದನ್ನೇ ಹೇಳುತ್ತದೆ. ನಿಧಿ ನೆಲದಲ್ಲಿ ಸಿಕ್ಕರೆ ಸಿಕ್ಕವರು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ನಿಯಮ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯಿದೆಯ ಪ್ರಕಾರ ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ನಿಮ್ಮ ಹೊಲದ ಉಳುಮೆಯಲ್ಲಿ ಒಂದು ಸೀಸದ ಬಿಲ್ಲೆ ಮೇಲೆದ್ದರೆ ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಬೇಡಿರಿ, ಕರಗಿಸಬೇಡಿರಿ. ಸಿಕ್ಕ ಜಾಗವನ್ನು ಗುರುತುಮಾಡಿ, ದಿನವನ್ನು ಒಂದು ಚೀಟಿಯಲ್ಲಿ ಬರೆದು, ಅಧಿಕಾರಿಗಳಿಗೆ ತಿಳಿಸಿರಿ. ದುರ್ಗದ ಸೀಮೆಯ ಚರಿತ್ರೆಗೆ ಆ ಚೀಟಿ ನಾಣ್ಯದಷ್ಟೇ ಬೆಲೆಯುಳ್ಳದ್ದು.